ಬೈಬಲ್ ಬರೆದ ಕೈ ಯಾರದು? ಒಂದು ಹಳೇ ವಾದದ ಹಿನ್ನೆಲೆ

ವಿಜಯಪುರದಲ್ಲೋ ಬೆಳಗಾವಿಯಲ್ಲೋ ಚಹಾದ ಅಂಗಡಿ ಮುಂದೆ ನಾಲ್ಕು ಜನ ಧರ್ಮದ ಮಾತಿಗೆ ಇಳಿದರೆ, ಅಲ್ಲಿರುವ ಕ್ರೈಸ್ತ ಗೆಳೆಯನಿಗೆ ಈ ಪ್ರಶ್ನೆ ಬಂದೇ ಬರುತ್ತದೆ: ನಿಮ್ಮ ಬೈಬಲ್ ದೇವರು ಕೊಟ್ಟಿದ್ದಾ, ಮನುಷ್ಯರು ಬರೆದಿದ್ದಾ? ಕೇಳುವವರ ಮನಸ್ಸಿನಲ್ಲಿ ಆಗಲೇ ಒಂದೊಂದು ಅಳತೆ ಇರುತ್ತದೆ. ಮುಸ್ಲಿಮರ ನಂಬಿಕೆಯಲ್ಲಿ ಕುರಾನ್ ಅಕ್ಷರಕ್ಕೆ ಅಕ್ಷರ ಅಲ್ಲಾಹನ ಮಾತು. ಪ್ರವಾದಿ ಅದನ್ನು ತಲುಪಿಸಿದವರು, ರಚಿಸಿದವರಲ್ಲ. ಮೀಮಾಂಸಕರ ಪ್ರಕಾರ ವೇದಕ್ಕೆ ಕರ್ತೃವೇ ಇಲ್ಲ, ದೇವರೂ ಕರ್ತೃವಲ್ಲ. ವಚನಕ್ಕೆ ಬಂದರೆ ಹೇಳಿದವರು ಶರಣರು, ಯಾರ ವಚನ ಎಂದು ತಿಳಿಯಲು ಕೊನೆಯಲ್ಲಿ ಅಂಕಿತವೂ ಇದೆ. ಬೈಬಲ್ ಈ ಮೂರು ಅಳತೆಗಳಲ್ಲಿ ಯಾವುದಕ್ಕೂ ಹೊಂದುವುದಿಲ್ಲ. ಗೆಳೆಯ ಉತ್ತರ ಕೊಡಲು ತಡವರಿಸಿದರೆ ಕಾರಣ ಅದೇ.

ನಿಜ ಹೇಳಬೇಕೆಂದರೆ ‘ದೇವರದೋ ಮನುಷ್ಯರದೋ’ ಎಂದು ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಪ್ರಶ್ನೆಗೆ ಬಹಳ ವಯಸ್ಸಾಗಿಲ್ಲ. ಮೊದಲ ಸಾವಿರದೈನೂರು ವರ್ಷ ಕ್ರೈಸ್ತರ ಉತ್ತರ ‘ಎರಡೂ’ ಎಂದೇ ಇತ್ತು. ಮನುಷ್ಯನ ಪಾಲು ಎಷ್ಟು ಅನ್ನುವುದರ ಮೇಲೆ ಮಾತ್ರ ವಾದ ನಡೆಯುತ್ತಿತ್ತು.

ಬೈಬಲನ್ನೇ ತೆರೆದು ನೋಡಿ. ಶಾಸ್ತ್ರವೆಲ್ಲ ದೈವಪ್ರೇರಿತ ಎಂದು ಸಾರುವ ಪ್ರಸಿದ್ಧ ಮಾತು ಇರುವುದು ತಿಮೊಥೆಗೆ ಬರೆದ ಎರಡನೇ ಪತ್ರದಲ್ಲಿ, ಮೂರನೇ ಅಧ್ಯಾಯದ 16ನೇ ವಚನದಲ್ಲಿ. ಮುಂದಿನ ಅಧ್ಯಾಯಕ್ಕೆ ಹೋದರೆ ಅದೇ ಪತ್ರದಲ್ಲಿ ಮೊದಲ ಶತಮಾನದ ಧರ್ಮಪ್ರಚಾರಕ ಪೌಲ ಒಂದು ಕೆಲಸ ಹೇಳುತ್ತಾನೆ: ತ್ರೋವದಲ್ಲಿ ಕರ್ಪನ ಹತ್ತಿರ ಬಿಟ್ಟು ಬಂದ ಮೇಲಂಗಿ ಇದೆ, ಬರುವಾಗ ತೆಗೆದುಕೊಂಡು ಬಾ, ಪುಸ್ತಕಗಳನ್ನೂ ಮರೆಯಬೇಡ. ಕೊರಿಂಥದವರಿಗೆ ಮದುವೆಯ ವಿಚಾರ ಬರೆಯುವಾಗ ಅವನೇ ‘ಇದು ಕರ್ತನ ಮಾತಲ್ಲ, ನನ್ನ ಮಾತು’ ಎಂದು ಬೇರೆ ಮಾಡಿ ಹೇಳುತ್ತಾನೆ. ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಇನ್ನೊಬ್ಬ ತಲೆ ಹಾಕುತ್ತಾನೆ. ಅವನು ತೆರ್ತ್ಯ, ಪೌಲ ಹೇಳಿದ್ದನ್ನು ಬರೆದುಕೊಂಡವನು. ತನ್ನದೂ ಒಂದು ನಮಸ್ಕಾರ ಸೇರಿಸಿ ಹೋಗುತ್ತಾನೆ. ಲೂಕನಂತೂ ಮೊದಲ ಸಾಲುಗಳಲ್ಲೇ, ನನಗಿಂತ ಮುಂಚೆ ಬಹಳ ಜನ ಬರೆದಿದ್ದಾರೆ, ನಾನೂ ಎಲ್ಲ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಅನ್ನುತ್ತಾನೆ. ಕನಸು ಬಿತ್ತು, ದೇವದೂತ ಬಂದ ಅನ್ನುವುದಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸುವುದು ಯೆರೆಮೀಯನ 36ನೇ ಅಧ್ಯಾಯ. ಪ್ರವಾದಿ ಹೇಳುತ್ತಾ ಹೋದ, ಬಾರೂಕ ಮಸಿಯಲ್ಲಿ ಬರೆದ. ಚಳಿಗಾಲದಲ್ಲಿ ರಾಜ ಯೆಹೋಯಾಕೀಮ ಆ ಸುರುಳಿಯನ್ನು ಓದಿಸಿ, ಮೂರ್ನಾಲ್ಕು ಅಂಕಣ ಓದಿದಂತೆಲ್ಲ ಕತ್ತರಿಸಿ ಮುಂದಿದ್ದ ಬೆಂಕಿಗೆ ಹಾಕಿದ. ಪೂರ್ತಿ ಸುಟ್ಟ ಮೇಲೆ ಇಬ್ಬರೂ ಕೂತು ಮತ್ತೆ ಬರೆದರು. ಹಳೆಯದೆಲ್ಲ ಬಂತು, ಅಂಥದೇ ಇನ್ನೂ ಬಹಳ ಮಾತು ಸೇರಿದವು ಎಂದು ಆ ಅಧ್ಯಾಯವೇ ಹೇಳುತ್ತದೆ. ದೇವರ ಮಾತಿಗೆ ಎರಡನೇ ಆವೃತ್ತಿ ಬಂದದ್ದನ್ನು ಮುಚ್ಚಿಡಬೇಕು ಅಂತ ಬರೆದವರಿಗೆ ಅನ್ನಿಸಿರಲಿಲ್ಲ, ಅಲ್ವಾ?

ಎರಡನೇ ಶತಮಾನದಲ್ಲಿ ಅಥೆನ್ಸಿನ ಅಥೆನಾಗೊರಸ್ ಎಂಬ ಕ್ರೈಸ್ತ ಚಿಂತಕ, ಕೊಳಲೂದುವವನು ಕೊಳಲಿಗೆ ಉಸಿರು ತುಂಬುವಂತೆ ಪವಿತ್ರಾತ್ಮ ಪ್ರವಾದಿಗಳನ್ನು ಬಳಸಿತು ಎಂದ. ಆದರೆ ಇದೇ ದಾರಿಯಲ್ಲಿ ಮುಂದೆ ಹೋದ ಮೊಂಟಾನಸ್ ಮತ್ತು ಅವನ ಹಿಂಬಾಲಕರು ಮೈಮರೆತು ಪ್ರವಾದನೆ ನುಡಿಯತೊಡಗಿದಾಗ ಸಭೆಗೆ, ಅಂದರೆ ಕ್ರೈಸ್ತ ಸಮುದಾಯಕ್ಕೆ, ಗಾಬರಿಯಾಯಿತು. ಬುದ್ಧಿ ಕಳೆದುಕೊಂಡು ಆಡುವ ಮಾತು ಪ್ರವಾದನೆಯಲ್ಲ ಎಂದು ಸಭೆಯ ಹಿರಿಯರು ವಾದಿಸಿದರು. ಅಂದರೆ ಬರೆಯುವವನಿಗೆ ಎಚ್ಚರ ಇರಬೇಕು. ಮೂರನೇ ಶತಮಾನದಲ್ಲಿ ಒರಿಗೆನ್ ಎಂಬ ಕ್ರೈಸ್ತ ಪಂಡಿತ, ಇಬ್ರಿಯರಿಗೆ ಬರೆದ ಪತ್ರದ ಶೈಲಿ ಪೌಲನದಲ್ಲ ಎಂದು ಗುರುತಿಸಿ, ಬರೆದವನು ಯಾರೋ ದೇವರೇ ಬಲ್ಲ ಅಂದುಬಿಟ್ಟ. ಅಲೆಕ್ಸಾಂಡ್ರಿಯಾದ ಬಿಷಪ್ ಡಯೊನೀಸಿಯಸ್ ಇನ್ನೂ ಸೂಕ್ಷ್ಮ. ಯೋಹಾನನ ಸುವಾರ್ತೆಯ ಗ್ರೀಕ್ ಶುದ್ಧವಾಗಿದೆ, ಪ್ರಕಟನೆ ಗ್ರಂಥದ ಗ್ರೀಕ್‌ನಲ್ಲಿ ವ್ಯಾಕರಣ ತಪ್ಪಿದೆ, ಎರಡನ್ನೂ ಬರೆದವನು ಒಬ್ಬನಾಗಿರಲಾರ ಎಂದ. ಹೀಗಂದರೂ ಇವರಿಬ್ಬರೂ ಆ ಗ್ರಂಥಗಳನ್ನು ದೇವಪ್ರೇರಿತ ಎಂದೇ ಒಪ್ಪಿದ್ದರು. ಆರನೇ ಶತಮಾನದ ಕೊನೆಗೆ ಪೋಪ್ ಗ್ರೆಗರಿ ಮಾತ್ರ ಈ ತಲೆನೋವೇ ಬೇಡ ಅಂದ: ದೊಡ್ಡವರಿಂದ ಪತ್ರ ಬಂದಾಗ ಯಾವ ಲೇಖನಿಯಲ್ಲಿ ಬರೆದರು ಎಂದು ಯಾರಾದರೂ ಕೇಳುತ್ತಾರೆಯೇ?

ಯಾವ ಗ್ರಂಥಗಳು ಪಟ್ಟಿಯೊಳಗೆ ಇರಬೇಕು ಎಂಬುದೂ ಸಭೆಯ ಚರ್ಚೆಯಲ್ಲೇ ತೀರ್ಮಾನವಾದದ್ದು. ಇವತ್ತಿನ ಹೊಸ ಒಡಂಬಡಿಕೆಯ 27 ಗ್ರಂಥಗಳು ಹಾಗೆಯೇ ಒಂದು ಪಟ್ಟಿಯಲ್ಲಿ ಮೊದಲು ಸಿಗುವುದು 367ರಲ್ಲಿ, ಅಲೆಕ್ಸಾಂಡ್ರಿಯಾದ ಬಿಷಪ್ ಅಥನಾಸಿಯಸ್ ಬರೆದ ಈಸ್ಟರ್ ಪತ್ರದಲ್ಲಿ. ಪೋಪನ ವಿರುದ್ಧ ಎದ್ದ ಜರ್ಮನಿಯ ಸುಧಾರಕ ಲೂಥರ್ 1522ರಲ್ಲಿ ಯಾಕೋಬನ ಪತ್ರವನ್ನು ಹುಲ್ಲಿನಂಥ ಪತ್ರ ಎಂದು ಬದಿಗೆ ಸರಿಸಿದ. 1546ರಲ್ಲಿ ಟ್ರೆಂಟ್ ನಗರದಲ್ಲಿ ಸೇರಿದ ಬಿಷಪ್ಪರ ಮಹಾಸಭೆ ಕ್ಯಾಥೊಲಿಕರ ಪಟ್ಟಿಯನ್ನು ಗಟ್ಟಿ ಮಾಡಿತು. ಬೆಳಗಾವಿಯ ಕ್ಯಾಂಪಿನಲ್ಲಿ ಕ್ಯಾಥೊಲಿಕರ ಮನೆಯ ಬೈಬಲಿಗೆ 73 ಗ್ರಂಥ, ಪ್ರೊಟೆಸ್ಟೆಂಟರ ‘ಸತ್ಯವೇದ’ಕ್ಕೆ 66 ಇರುವುದರ ಬೇರು ಅಲ್ಲಿದೆ.

ವಾದ ಬಿಗಿಯಾದದ್ದು ಆಮೇಲೆ. ಪೋಪನ ಅಧಿಕಾರ ಬಿಟ್ಟ ಪ್ರೊಟೆಸ್ಟೆಂಟರಿಗೆ ಆಸರೆ ಎಂದು ಉಳಿದದ್ದು ಪುಸ್ತಕ ಒಂದೇ. ಅದರಲ್ಲಿ ಬಿರುಕು ಕಾಣಿಸಬಾರದಿತ್ತು. ಹೀಬ್ರೂ ಬರಹದಲ್ಲಿ ಮೊದಲು ವ್ಯಂಜನ ಮಾತ್ರ ಇದ್ದವು. ಸ್ವರ ತೋರಿಸುವ ಚುಕ್ಕಿಗಳನ್ನು ಯೆಹೂದಿ ಪಂಡಿತರು ಬಹಳ ಶತಮಾನಗಳ ನಂತರ ಸೇರಿಸಿದರು ಎಂದು ಫ್ರಾನ್ಸಿನ ಪ್ರೊಟೆಸ್ಟೆಂಟ್ ಪಂಡಿತ ಲೂಯಿ ಕಪ್ಪೆಲ್ 1624ರಲ್ಲಿ ತೋರಿಸಿದ. ಇದಕ್ಕೆ ಉತ್ತರವಾಗಿ 1675ರಲ್ಲಿ ಸ್ವಿಟ್ಜರ್ಲೆಂಡಿನ ಪಂಡಿತರು ಆ ಚುಕ್ಕಿಗಳೂ ದೈವಪ್ರೇರಿತ ಎಂದು ಘೋಷಣೆ ಹೊರಡಿಸಿದರು. ಅದನ್ನು ಒಪ್ಪಿಕೊಂಡ ನಗರಗಳಲ್ಲಿ ಬಾಸೆಲ್ ಕೂಡ ಒಂದು. ಹೌದು, 1815ರಲ್ಲಿ ಬಾಸೆಲ್ ಮಿಶನ್ ಹುಟ್ಟಿದ ಊರೇ. ಅಷ್ಟರೊಳಗೆ ಈ ಘೋಷಣೆ ಮೂಲೆ ಸೇರಿತ್ತು ಬಿಡಿ. ಚುಕ್ಕಿಯನ್ನೂ ಕಾಯಲು ಹೊರಟವರು ಸೋಲುವುದು ಖಚಿತವಿತ್ತು ಅನ್ನುವುದು ನನ್ನ ಅಭಿಪ್ರಾಯ.

ಇತ್ತ ಹಾಲೆಂಡಿನ ತತ್ವಜ್ಞಾನಿ ಸ್ಪಿನೋಜಾ 1670ರಲ್ಲಿ, ಬೈಬಲಿನ ಮೊದಲಿಗಿರುವ ಮೋಶೆಯ ಐದು ಗ್ರಂಥಗಳನ್ನು ಮೋಶೆ ಬರೆದಿಲ್ಲ ಎಂದು ಬಹಿರಂಗವಾಗಿ ವಾದಿಸಿದ. ಮೋಶೆ ತನ್ನ ಸಾವನ್ನು ತಾನೇ ಹೇಗೆ ವರ್ಣಿಸಿದ ಎಂಬ ಪ್ರಶ್ನೆ ಯೆಹೂದಿ ಪಂಡಿತರಿಗೆ ಮೊದಲೇ ಇತ್ತು. 1753ರಲ್ಲಿ ಫ್ರಾನ್ಸಿನ ವೈದ್ಯ ಆಸ್ಟ್ರುಕ್, ಆದಿಕಾಂಡದಲ್ಲಿ ದೇವರಿಗೆ ಎರಡು ಹೆಸರು ಬರುವುದನ್ನು ಹಿಡಿದು ಅಲ್ಲಿ ಬೇರೆ ಬೇರೆ ಮೂಲಗಳಿವೆ ಎಂದ. 1835ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಡೇವಿಡ್ ಸ್ಟ್ರೌಸ್ ಯೇಸುವಿನ ಚರಿತ್ರೆ ಬರೆದು, ಸುವಾರ್ತೆಗಳ ಪವಾಡಗಳು ಪುರಾಣದ ಬಗೆಯ ಕಥನ ಎಂದಾಗ ಯುರೋಪಿನಲ್ಲಿ ಗಲಾಟೆ ಎದ್ದಿತು. ಸ್ಟ್ರೌಸ್ ಕೆಲಸ ಕಳೆದುಕೊಂಡ. ಅದೇ ಟ್ಯೂಬಿಂಗನ್‌ನಲ್ಲಿ ಓದಿದ ಬಾಸೆಲ್ ಮಿಶನರಿ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದಿಳಿದ.

ಅಂದರೆ ಮಿಶನರಿಗಳು ನಮ್ಮ ಕಡೆಗೆ ಬೈಬಲ್ ತಂದದ್ದು ಈ ಜಗಳ ಜೋರಾಗಿದ್ದ ಕಾಲದಲ್ಲೇ. ಲಂಡನ್ ಮಿಶನ್ ಬೆಳಗಾವಿಗೆ 1820ರಲ್ಲಿ ಬಂತು. ಬೆನನ್ ಸ್ಮಿತ್ ಶಾಲೆಯ ಹೆಸರಿನಲ್ಲಿ ಆ ಮಿಶನ್ನಿನ ನೆನಪು ಉಳಿದಿದೆ. ಬಾಸೆಲ್‌ನವರು 1837ರಲ್ಲಿ ಧಾರವಾಡಕ್ಕೆ, 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡಕ್ಕೆ ಬಂದರು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಆದರೆ ಓದುವವರಿಗೆ ಆ ಕನ್ನಡ ಸಮಾಧಾನ ತರಲಿಲ್ಲ. ಮುಂದೆ ವೈಗ್ಲೆ, ಮೋಗ್ಲಿಂಗ್ ಮುಂತಾದವರು ತಿದ್ದಲು ಕೂತರು. ದೇವರ ಮಾತನ್ನು ಹೀಗೆ ಪದೇ ಪದೇ ತಿದ್ದಬಹುದೇ? ಪ್ರೇರಣೆ ಇರುವುದು ಮೂಲಕ್ಕೆ, ಅನುವಾದಕ್ಕಲ್ಲ ಅನ್ನುವುದು ಪ್ರೊಟೆಸ್ಟೆಂಟರ ರೂಢಿಯ ಉತ್ತರ.

ಈ ಅನುವಾದದ ಮೇಜಿನಿಂದಲೇ ದೊಡ್ಡ ಪೆಟ್ಟೊಂದು ಬಿತ್ತು, ನಮ್ಮಲ್ಲಲ್ಲ, ಆಫ್ರಿಕಾದಲ್ಲಿ. ನಟಾಲ್‌ನ ಆಂಗ್ಲಿಕನ್ ಬಿಷಪ್ ಕೊಲೆನ್ಸೊ ಜಲಪ್ರಳಯದ ಕಥೆಯನ್ನು ಜುಲು ಭಾಷೆಗೆ ತರುತ್ತಿದ್ದಾಗ ಅವನ ಸಹಾಯಕ ವಿಲಿಯಂ ಎನ್ಗಿಡಿ ಕೇಳಿದ: ಇದೆಲ್ಲ ನಿಜವೇ? ಪ್ರಾಣಿಗಳೆಲ್ಲ ಜೋಡಿಯಾಗಿ ನಾವೆಗೆ ಬಂದವೇ? ಸುಮ್ನೆ ಹೌದು ಅನ್ನಲು ಬಿಷಪ್ಪನಿಗೆ ಮನಸ್ಸು ಒಪ್ಪಲಿಲ್ಲ. 1862ರಿಂದ ಅವನು ಮೋಶೆಯ ಗ್ರಂಥಗಳ ಲೆಕ್ಕಾಚಾರ ಹೊಂದುವುದಿಲ್ಲ ಎಂದು ತೋರಿಸುವ ಸಂಪುಟಗಳನ್ನು ಬರೆದ. 1863ರಲ್ಲಿ ಅವನನ್ನು ಪದವಿಯಿಂದ ಇಳಿಸಿದರು, 1865ರಲ್ಲಿ ಲಂಡನ್ನಿನ ಮೇಲ್ಮನವಿ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್ ಆ ತೀರ್ಪನ್ನು ರದ್ದು ಮಾಡಿತು. ಕಲಿಸಲು ಹೋದವನಿಗೆ ಕಲಿಯಲು ಬಂದವನೇ ಪ್ರಶ್ನೆ ಹಾಕಿದ್ದ.

ಇಲ್ಲಿಂದ ದಾರಿ ಕವಲೊಡೆಯಿತು. ಅಮೆರಿಕದ ಪ್ರಿನ್ಸ್‌ಟನ್‌ನ ಹಾಡ್ಜ್ ಮತ್ತು ವಾರ್‌ಫೀಲ್ಡ್ 1881ರಲ್ಲಿ, ಮೊದಲ ಕೈಬರಹದಲ್ಲಿ ಯಾವ ತಪ್ಪೂ ಇರಲಿಲ್ಲ ಎಂದು ವಾದಿಸಿದರು. 1978ರಲ್ಲಿ ಶಿಕಾಗೋದಲ್ಲಿ ಸುಮಾರು 300 ಜನ ಇದೇ ನಿಲುವಿಗೆ ಸಹಿ ಹಾಕಿದರು. ತೊಡಕೆಂದರೆ ಆ ಮೊದಲ ಕೈಬರಹ ಒಂದೂ ಉಳಿದಿಲ್ಲ. ಇರುವ ಪ್ರತಿಗಳಲ್ಲಿ ವ್ಯತ್ಯಾಸಗಳಿವೆ. ಮಾರ್ಕನ ಸುವಾರ್ತೆಯ ಕೊನೆಯ 12 ವಚನಗಳು ನಾಲ್ಕನೇ ಶತಮಾನದ ಎರಡು ದೊಡ್ಡ ಪ್ರತಿಗಳಲ್ಲಿ ಇಲ್ಲವೇ ಇಲ್ಲ. ರೋಮ್, ಅಂದರೆ ಕ್ಯಾಥೊಲಿಕ್ ಸಭೆ, ಮೊದಲು ಹೆದರಿತು, ಆಮೇಲೆ ಬಾಗಿಲು ತೆರೆಯಿತು. 1943ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಸಾಹಿತ್ಯ ಪ್ರಕಾರಗಳನ್ನು ಅಭ್ಯಾಸ ಮಾಡಿ ಎಂದರು. 1965ರಲ್ಲಿ ಬಿಷಪ್ಪರ ವ್ಯಾಟಿಕನ್ ಮಹಾಸಭೆ, ದೇವರು ಕರ್ತೃ, ಮನುಷ್ಯರೂ ನಿಜವಾದ ಕರ್ತೃಗಳು ಎಂದು ಬರೆದು, ನಮ್ಮ ರಕ್ಷಣೆಗಾಗಿ ದೇವರು ತಿಳಿಸಬಯಸಿದ ಸತ್ಯ ಅದರಲ್ಲಿ ತಪ್ಪಿಲ್ಲದೆ ಇದೆ ಎಂದಿತು.

ಗ್ರಂಥದ ಪಾಠ ತಿದ್ದುವ ಸಂಕಟ ನಮಗೂ ಹೊಸದಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ವಚನಗಳ ತಾಡೋಲೆ ಕೂಡಿಸಿ, 1923ರಲ್ಲಿ ಅಚ್ಚಿಗೆ ಕೊಡುವ ಮೊದಲು ಆರಿಸಿ ಜೋಡಿಸಬೇಕಾಯಿತು. ಬಸವಣ್ಣನವರ ವಚನಗಳ ‘ಕೂಡಲಸಂಗಮದೇವ’ ಅಂಕಿತವನ್ನು ಮಾತೆ ಮಹಾದೇವಿಯವರು ‘ಲಿಂಗದೇವ’ ಎಂದು ಬದಲಿಸಿದಾಗ 1998ರಲ್ಲಿ ರಾಜ್ಯ ಸರ್ಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮನುಷ್ಯರ ಮಾತು ಎಂದು ಎಲ್ಲರೂ ಒಪ್ಪಿದ ಗ್ರಂಥಕ್ಕೂ ಕೈ ಹಾಕಿದರೆ ಇಷ್ಟು ನೋವಾಗುತ್ತದೆ.

1904ರಲ್ಲಿ ಲಂಡನ್ ಮಿಶನ್ನಿನ ಬೆಳಗಾವಿ ಕೆಲಸ ಮೆಥೊಡಿಸ್ಟರೆಂಬ ಪ್ರೊಟೆಸ್ಟೆಂಟ್ ಪಂಗಡದ ಕೈಗೆ ಹೋಯಿತು. ಅವರ ಮೂಲ ನಿಯಮಗಳನ್ನು ಪಂಗಡದ ಮೂಲಪುರುಷ ಜಾನ್ ವೆಸ್ಲಿ 1784ರಲ್ಲೇ ಸಿದ್ಧ ಮಾಡಿದ್ದ. ರಕ್ಷಣೆಗೆ ಬೇಕಾದದ್ದೆಲ್ಲ ಶಾಸ್ತ್ರದಲ್ಲಿದೆ ಅನ್ನುತ್ತದೆ ಅದರ ಐದನೇ ನಿಯಮ. ಭೂಮಿಯ ವಯಸ್ಸಿನ ಬಗ್ಗೆ ಅಲ್ಲಿ ಮಾತಿಲ್ಲ. 1953ರಲ್ಲಿ ಕ್ಯಾಥೊಲಿಕರ ಬೆಳಗಾವಿ ಧರ್ಮಪ್ರಾಂತ್ಯ ಆಯಿತು, ಅವರಿಗೆ 1965ರ ಮಾತು ಇದೆ. ಒಂದು ಕಾಲಕ್ಕೆ ಪರಸ್ಪರ ಮುಖ ನೋಡದ ಎರಡು ಸಭೆಗಳ ಕಾಗದದ ಮೇಲಿನ ಉತ್ತರ ಈಗ ಹೆಚ್ಚುಕಡಿಮೆ ಒಂದೇ. ಶಿಕಾಗೋದ ಬಿಗಿ ನಿಲುವಿಗೆ ಜಾಸ್ತಿ ಹತ್ತಿರ ಇರುವವರು ಸಾಮಾನ್ಯವಾಗಿ ಈಚಿನ ಸ್ವತಂತ್ರ ಪ್ರಾರ್ಥನಾ ಸಭೆಗಳವರು. ಚಹಾದ ಅಂಗಡಿಯ ಗೆಳೆಯ ಏನು ಹೇಳುತ್ತಾನೆ ಅನ್ನುವುದು ಭಾನುವಾರ ಅವನು ಯಾವ ಬಾಗಿಲು ಹೊಗುತ್ತಾನೆ ಅನ್ನುವುದರ ಮೇಲೂ ನಿಂತಿದೆ.