ಹೈಕೋರ್ಟ್ ತೀರ್ಪನ್ನು ಕೊನೆಯ ಪುಟದಿಂದ ಓದಬೇಡಿ

ಹಾಸನದ ಕೋರ್ಟಿಗೆ ಬರುವ ಕಕ್ಷಿದಾರರಲ್ಲಿ ಅನೇಕರು ಈಗ ಮೊಬೈಲ್ ತೋರಿಸುತ್ತಲೇ ಮಾತು ಶುರು ಮಾಡುತ್ತಾರೆ. ‘ಸಾರ್, ಪಂಚಾಯ್ತಿ ಪಾಲುಪಟ್ಟಿ ನಡೆಯುತ್ತೆ ಅಂತ ಹೈಕೋರ್ಟ್ ಹೇಳಿದೆಯಂತೆ. ನಮ್ಮದೂ ಗೆಲ್ಲುತ್ತೆ ಅಲ್ವಾ?’ ಮೊಬೈಲಿನಲ್ಲಿ ಇರುವುದು ನಾಲ್ಕಾರು ಸಾಲಿನ ಸುದ್ದಿ. ಪೂರ್ತಿ ತೀರ್ಪು ಓದುವವರೆಗೂ ನಾನು ಹೌದು ಅನ್ನುವುದಿಲ್ಲ, ಇಲ್ಲ ಅಂತಲೂ ಹೇಳುವುದಿಲ್ಲ.

ತೀರ್ಪು ಓದುವುದನ್ನು ಕಲಿಯಲು ನನ್ನ ಜೂನಿಯರ್‌ಗಳಿಗೆ ಒಂದು ಕೆಲಸ ಕೊಡುತ್ತೇನೆ. ಒಬ್ಬ ನ್ಯಾಯಮೂರ್ತಿಯನ್ನು ಆರಿಸಿಕೊಳ್ಳಿ. ಬೇಸಿಗೆ ರಜೆ ಮುಗಿದಾಗಿನಿಂದ ದಸರಾ ರಜೆಯವರೆಗೆ ಅವರು ಬರೆದ ಎರಡನೇ ಮೇಲ್ಮನವಿಯ ತೀರ್ಪುಗಳನ್ನು ಸಾಲಾಗಿ ಓದಿ. ಯಾರು ಯಾವ ಬಗೆಯ ಕೇಸು ಕೇಳಬೇಕು ಎಂಬ ರೋಸ್ಟರನ್ನು ಮುಖ್ಯ ನ್ಯಾಯಮೂರ್ತಿಗಳು ಮಾಡುತ್ತಾರೆ. ಅದು ಬದಲಾಗುವವರೆಗೆ ಒಬ್ಬರೇ ನ್ಯಾಯಮೂರ್ತಿಗಳು ಒಂದೇ ಬಗೆಯ ಜಗಳವನ್ನು ಮತ್ತೆ ಮತ್ತೆ ಕೇಳುತ್ತಾರೆ. ಒಂದು ತೀರ್ಪು ಓದಿದರೆ ಯಾರು ಗೆದ್ದರು ಎಂದಷ್ಟೇ ತಿಳಿಯುತ್ತದೆ. ಸಾಲಾಗಿ ಓದಿದರೆ ಅವರು ಯಾವುದನ್ನು ಮೊದಲು ನೋಡುತ್ತಾರೆ, ಯಾವ ಸಾಕ್ಷ್ಯಕ್ಕೆ ತೂಕ ಕೊಡುತ್ತಾರೆ ಎಂಬುದು ಗೊತ್ತಾಗುತ್ತದೆ.

ಎರಡನೇ ಮೇಲ್ಮನವಿಯನ್ನೇ ಯಾಕೆ ಹೇಳುತ್ತೇನೆಂದರೆ, ನಮ್ಮ ಕಡೆಯ ಜಮೀನು ಜಗಳಗಳು ಹೆಚ್ಚಾಗಿ ಹೈಕೋರ್ಟ್ ಮುಟ್ಟುವುದು ಆ ದಾರಿಯಲ್ಲೇ. ಅರಕಲಗೂಡಿನಲ್ಲೋ ಸಕಲೇಶಪುರದಲ್ಲೋ ದಾವೆ ಶುರುವಾಗುತ್ತದೆ. ಮೊದಲ ಅಪೀಲು ಜಿಲ್ಲೆಯಲ್ಲೇ ಮುಗಿಯುತ್ತದೆ. ಆಮೇಲೆ ಬೆಂಗಳೂರು. ಅಲ್ಲಿ ಸಾಕ್ಷಿಗಳನ್ನೆಲ್ಲ ಮತ್ತೆ ಕೇಳುತ್ತಾರೆ ಎಂದು ಜನ ನಂಬಿರುತ್ತಾರೆ. ಹಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಂಗೆ 1976ರಲ್ಲಿ ತಿದ್ದುಪಡಿ ಆದಾಗಿನಿಂದ, ಕೇಸಿನಲ್ಲಿ ಗಣನೀಯವಾದ ಕಾನೂನು ಪ್ರಶ್ನೆ ಇದ್ದರೆ ಮಾತ್ರ ಹೈಕೋರ್ಟ್ ಕೈ ಹಾಕುತ್ತದೆ. ಆ ಪ್ರಶ್ನೆಯನ್ನು ನ್ಯಾಯಮೂರ್ತಿಗಳೇ ಬರೆಯಬೇಕು. ಪ್ರಶ್ನೆಯೇ ಇಲ್ಲ ಅನ್ನಿಸಿದರೆ, ಅಪೀಲನ್ನು ವಿಚಾರಣೆಗೆ ತೆಗೆದುಕೊಳ್ಳಬೇಕೇ ಎಂದು ನೋಡುವ ಅಡ್ಮಿಷನ್ ಹಂತದಲ್ಲೇ ವಜಾ.

ಹಾಗಾಗಿ ತೀರ್ಪು ಕೈಗೆ ಬಂದ ಕೂಡಲೇ ಕೊನೆಯ ಪುಟಕ್ಕೆ ಹಾರಬೇಡಿ. ಪ್ರಶ್ನೆ ಎಲ್ಲಿದೆ ಎಂದು ಹುಡುಕಿ. ಪ್ರಶ್ನೆಯನ್ನು ಹೇಗೆ ಬರೆದಿದ್ದಾರೆ ಎಂಬುದರಲ್ಲೇ ಉತ್ತರದ ಮುಕ್ಕಾಲು ಪಾಲು ಇರುತ್ತದೆ.

ಪಾಲುಪಟ್ಟಿಯನ್ನೇ ತೆಗೆದುಕೊಳ್ಳಿ. ಇಬ್ಬರು ಅಣ್ಣತಮ್ಮಂದಿರು ಊರ ಹಿರಿಯರನ್ನು ಕೂರಿಸಿಕೊಂಡು ಕಾಗದ ಬರೆಸಿದ್ದಾರೆ, ನೋಂದಣಿ ಮಾಡಿಸಿಲ್ಲ. ಇಂಥ ಎರಡು ಕೇಸು ಒಬ್ಬರೇ ನ್ಯಾಯಮೂರ್ತಿಗಳ ಮುಂದೆ ಬಂದವು ಎಂದುಕೊಳ್ಳಿ. ಒಂದರಲ್ಲಿ ಪಾಲುಪಟ್ಟಿಯನ್ನು ಒಪ್ಪಿದರು, ಇನ್ನೊಂದರಲ್ಲಿ ತಳ್ಳಿಹಾಕಿದರು. ಹೊರಗಿನಿಂದ ನೋಡಿದರೆ ಮನಸ್ಸಿಗೆ ಬಂದಂತೆ ಬರೆದ ಹಾಗೆ ಕಾಣುತ್ತದೆ. ಒಳಗೆ ಹೋಗಿ ನೋಡಿ. ಮೊದಲನೆಯ ಕೇಸಿನಲ್ಲಿ ಜಮೀನು ಆಗಲೇ ಹಂಚಿಕೆಯಾಗಿ, ಖಾತೆ ಬೇರೆಯಾಗಿ, ಅವರವರೇ ಸಾಗುವಳಿ ಮಾಡುತ್ತಿದ್ದರು. ಕಾಗದ ಅದನ್ನು ನೆನಪಿಗೆಂದು ದಾಖಲಿಸಿತ್ತು, ಅಷ್ಟೇ. ಅಂಥದ್ದಕ್ಕೆ ನೋಂದಣಿ ಬೇಕಿಲ್ಲ. ಎರಡನೆಯದರಲ್ಲಿ ಆ ಕಾಗದವೇ ಜಮೀನನ್ನು ಹಂಚಿತ್ತು. ನೋಂದಣಿ ಇಲ್ಲದಿದ್ದರೆ ಅದರಿಂದ ವಿಭಾಗವನ್ನು ರುಜುವಾತು ಮಾಡಲು ಆಗುವುದಿಲ್ಲ. ಹಾಗಾಗಿ ಎರಡೂ ತೀರ್ಪು ಸರಿ. ಸುದ್ದಿ ಓದಿ ಬಂದ ಕಕ್ಷಿದಾರ ನೋಡಬೇಕಾದ್ದು ತನ್ನ ಪೆಟ್ಟಿಗೆಯಲ್ಲಿರುವ ಕಾಗದ ಈ ಎರಡರಲ್ಲಿ ಯಾವುದು ಎಂದು.

ಇನ್ನೂ ಒಂದು ಮಾತಿದೆ. ದಾವೆ ಹಾಕಿದವರು ಹೆಣ್ಣುಮಕ್ಕಳಾದರೆ ಲೆಕ್ಕ ಬೇರೆ. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ, ಕೂಡುಕುಟುಂಬದ ಆಸ್ತಿಯಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕು ಎಂದೇನಿಲ್ಲ ಎಂದಿತು. ಬಾಯಿಮಾತಿನ ವಿಭಾಗವನ್ನು ಸುಲಭವಾಗಿ ಒಪ್ಪಬಾರದು, ಸಾರ್ವಜನಿಕ ದಾಖಲೆಗಳ ಬಲ ಇರುವ ಅಪರೂಪದ ಸಂದರ್ಭದಲ್ಲಿ ಮಾತ್ರ ಒಪ್ಪಬಹುದು ಎಂದೂ ಹೇಳಿತು. ಅಕ್ಕತಂಗಿಯರನ್ನು ಬಿಟ್ಟು ಬರೆದ ಪಾಲುಪಟ್ಟಿಗಳು ಮಲೆನಾಡಿನಲ್ಲಿ ಎಷ್ಟಿವೆ ಎಂದು ಕೋರ್ಟಿನಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ತೋಟದ ಬೆಲೆ ಏರಿದಂತೆ ಆ ಕಾಗದಗಳೆಲ್ಲ ಒಂದೊಂದಾಗಿ ಹೊರಗೆ ಬರುತ್ತಿವೆ. ಅಣ್ಣತಮ್ಮಂದಿರ ಜಗಳದಲ್ಲಿ ಬಂದ ತೀರ್ಪನ್ನು ತಂಗಿಯ ದಾವೆಗೆ ಹಿಡಿಯುವ ವಕೀಲರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಸಾಲಾಗಿ ಓದುವಾಗ ನಾನು ಗಮನಿಸುವ ಮತ್ತೊಂದು ಸಂಗತಿ ರಿಮ್ಯಾಂಡ್, ಅಂದರೆ ಕೇಸನ್ನು ಕೆಳಗಿನ ಕೋರ್ಟಿಗೆ ಮರಳಿ ಕಳುಹಿಸುವುದು. ಕೆಲವೊಮ್ಮೆ ಬೇರೆ ದಾರಿ ಇರುವುದಿಲ್ಲ. ಆದರೆ ಕೆಳಗಿನ ಕೋರ್ಟ್ ಒಂದು ಅಂಶವನ್ನು ತೀರ್ಮಾನಿಸದೆ ಬಿಟ್ಟಿದ್ದು, ದಾಖಲೆಯಲ್ಲಿ ಸಾಕಷ್ಟು ಸಾಕ್ಷ್ಯ ಇದ್ದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 103ನೇ ಕಲಂ ಪ್ರಕಾರ ಹೈಕೋರ್ಟೇ ಅದನ್ನು ತೀರ್ಮಾನಿಸಬಹುದು. ಆ ಅಧಿಕಾರವನ್ನು ಬಳಸಿ ಜಗಳ ಮುಗಿಸುವ ನ್ಯಾಯಮೂರ್ತಿಗಳ ಬಗ್ಗೆ ನನಗೆ ಗೌರವ ಜಾಸ್ತಿ. ದಾವೆ ಹಾಕಿದ ತಂದೆ ತೀರಿಕೊಂಡು ಮಗ ಕಕ್ಷಿದಾರನಾಗಿರುವ ಕೇಸನ್ನು ಮತ್ತೆ ಮೊದಲ ಮೆಟ್ಟಿಲಿಗೆ ಕಳಿಸಿದರೆ ಆ ಮನೆಯವರಿಗೆ ಏನಾಗುತ್ತದೆ ಎಂಬುದನ್ನು ನಾವು ಇಲ್ಲಿ ದಿನವೂ ನೋಡುತ್ತೇವೆ.

ತೀರ್ಪು ಕಾಯ್ದಿರಿಸಿದ ದಿನ, ಪ್ರಕಟಿಸಿದ ದಿನ ಎರಡೂ ಬರೆದಿದ್ದರೆ ಅದನ್ನೂ ನೋಡಿ. ನಡುವೆ ಬಹಳ ಅಂತರ ಇದ್ದರೆ, ವಕೀಲರು ವಾದಿಸಿದ ಅಂಶಗಳೆಲ್ಲ ತೀರ್ಪಿನಲ್ಲಿ ಬಂದಿವೆಯೇ ಎಂದು ಹೋಲಿಸಿ ನೋಡುವುದು ಒಳ್ಳೆಯದು.

ಸೋತವರು ಬಂದು ಕೇಳುವುದು ಒಂದೇ ಮಾತು: ‘ನಮ್ಮ ವಾದ ಕೇಳಿದ್ರಾ ಸಾರ್?’ ಅದಕ್ಕೆ ಉತ್ತರ ತೀರ್ಪಿನಲ್ಲೇ ಇರಬೇಕು. ಅವರ ಮುಖ್ಯ ವಾದವನ್ನು ಬರೆದು, ಅದನ್ನು ಯಾಕೆ ಒಪ್ಪಲಿಲ್ಲ ಎಂದು ಹೇಳಿದ ಪ್ಯಾರಾವನ್ನು ನಾನು ಬೆರಳಿಟ್ಟು ತೋರಿಸುತ್ತೇನೆ, ಕನ್ನಡದಲ್ಲಿ ಬಿಡಿಸಿ ಹೇಳುತ್ತೇನೆ. ಅಂಥ ಪ್ಯಾರಾ ಇದ್ದರೆ ಬಹಳ ಜನ ಅಲ್ಲಿಗೆ ಸುಮ್ಮನಾಗುತ್ತಾರೆ. ಇಲ್ಲದಿದ್ದರೆ ಮುಂದಿನ ಹೆಜ್ಜೆ ಯೋಚಿಸಬೇಕು. ದಾಖಲೆಯಲ್ಲೇ ಎದ್ದು ಕಾಣುವ ತಪ್ಪಿದ್ದರೆ ಹೈಕೋರ್ಟಿನಲ್ಲೇ ರಿವ್ಯೂ, ಅಂದರೆ ಮರುಪರಿಶೀಲನಾ ಅರ್ಜಿ ಹಾಕಲು 30 ದಿನ, ಸುಪ್ರೀಂ ಕೋರ್ಟಿಗೆ ಹೋಗಲು 90 ದಿನ. ಸರ್ಟಿಫೈಡ್ ಕಾಪಿಗೆ, ಅಂದರೆ ತೀರ್ಪಿನ ದೃಢೀಕೃತ ಪ್ರತಿಗೆ, ತೀರ್ಪು ಬಂದ ವಾರದಲ್ಲೇ ಅರ್ಜಿ ಹಾಕಿ.