ಸೊಸೈಟಿಯ ಈಜುಕೊಳಕ್ಕೆ ಬೇಲಿ ಕಡ್ಡಾಯವೇ?

ಪ್ರಶ್ನೆ: ಪುಣೆಯ ವಾಕಡ್‌ನಲ್ಲಿ ನಮ್ಮ ಮನೆ. ಅಪಾರ್ಟ್‌ಮೆಂಟ್ ಸೊಸೈಟಿಯ ಪೋಡಿಯಂ (ಕಟ್ಟಡಗಳ ಬುಡದ ವಿಶಾಲ ತಾರಸಿ) ಮೇಲೆ ಈಜುಕೊಳವಿದೆ. ಹೊರಗಿನ ಅಂಚಿಗೆ ಎತ್ತರದ ಗೋಡೆ ಇದೆ. ಕ್ಲಬ್‌ಹೌಸ್ ಕಡೆಗೆ ಹೂಕುಂಡಗಳ ಸಾಲು ಬಿಟ್ಟರೆ ಬೇರೆ ತಡೆಯಿಲ್ಲ. ನಾವಿಬ್ಬರೂ ಕೆಲಸಕ್ಕೆ ಹೋದಾಗ ಧಾರವಾಡದಿಂದ ಬಂದಿರುವ ಅತ್ತೆ ಎರಡೂವರೆ ವರ್ಷದ ಮಗನನ್ನು ನೋಡಿಕೊಳ್ಳುತ್ತಾರೆ. ಬೇಲಿ ಹಾಕಿಸಿ ಎಂದು ಕೇಳಿದರೆ, ‘ಕಾನೂನಿನಲ್ಲಿ ಎಲ್ಲಿದೆ ತೋರಿಸಿ’ ಎನ್ನುತ್ತಾರೆ ಸೆಕ್ರೆಟರಿ. ಏನು ತೋರಿಸಲಿ?

ಉತ್ತರ: ಮನೆ ಅಥವಾ ಸೊಸೈಟಿಯ ಈಜುಕೊಳದ ಸುತ್ತ ಇಷ್ಟೇ ಎತ್ತರದ ಬೇಲಿ ಇರಬೇಕು ಎಂದು ಇಡೀ ದೇಶಕ್ಕೆ ಅನ್ವಯಿಸುವ ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. ಸೆಕ್ರೆಟರಿ ಅಷ್ಟರ ಮಟ್ಟಿಗೆ ಸರಿ. ಆದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ನಿರ್ಲಕ್ಷ್ಯದಿಂದ ಒಬ್ಬರ ಸಾವಿಗೆ ಕಾರಣವಾಗುವುದು ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ ಅಪರಾಧ. ‘ಅಪಾಯವಿದೆ, ತಡೆ ಹಾಕಿಸಿ’ ಎಂದು ಸದಸ್ಯರೊಬ್ಬರು ಬರೆದುಕೊಟ್ಟ ಪತ್ರ ಕಮಿಟಿಯ ಕಡತದಲ್ಲಿದ್ದರೆ, ಮುಂದೆ ಅನಾಹುತವಾದಾಗ ನಮಗೆ ಗೊತ್ತಿರಲಿಲ್ಲ ಎಂದು ಹೇಳಲು ಯಾರಿಗೂ ಆಗುವುದಿಲ್ಲ. ಆದ್ದರಿಂದ ಲಿಫ್ಟಿನಲ್ಲಿ ಸಿಕ್ಕಾಗ ಬಾಯಿಮಾತಿನಲ್ಲಿ ಕೇಳುವುದನ್ನು ನಿಲ್ಲಿಸಿ, ಇವತ್ತೇ ಪತ್ರ ಕೊಡಿ. ನಕಲಿನ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ವಿಷಯವನ್ನು ಮುಂದಿನ ಜನರಲ್ ಬಾಡಿ (ಎಲ್ಲ ಸದಸ್ಯರ) ಸಭೆಯ ಕಾರ್ಯಸೂಚಿಗೆ ಸೇರಿಸಲು ಅದರಲ್ಲೇ ಕೋರಿಕೊಳ್ಳಿ. ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ಸೊಸೈಟಿಯಲ್ಲಿ ಅಂತಿಮ ಅಧಿಕಾರವಿರುವುದು ಜನರಲ್ ಬಾಡಿಗೆ. ಬೇಲಿ ಹಾಕಬೇಕೆಂದು ಸಭೆ ತೀರ್ಮಾನಿಸಿದರೆ ಬೇರೆ ಕಾನೂನನ್ನು ಹುಡುಕುವ ಅಗತ್ಯವೇ ಇಲ್ಲ.

ಮಹಾನಗರಪಾಲಿಕೆ ಮಂಜೂರು ಮಾಡಿದ ನಕ್ಷೆ ಮತ್ತು ಷರತ್ತುಗಳನ್ನೂ ಬಿಲ್ಡರ್ ಜೊತೆಗಿನ ಒಪ್ಪಂದವನ್ನೂ ಒಮ್ಮೆ ತೆಗೆದು ನೋಡಿ. ರೇಲಿಂಗ್, ಗೇಟು ಎಂದು ಅಲ್ಲಿ ಬರೆದಿದ್ದು ಇಲ್ಲಿ ಇಲ್ಲದಿದ್ದರೆ ಬಿಲ್ಡರನ್ನು ಕೇಳುವ ಹಕ್ಕು ನಿಮಗಿದೆ. ಮನೆ ವಶಕ್ಕೆ ಬಂದು ಐದು ವರ್ಷದೊಳಗೆ ಕಂಡುಬರುವ ಕಟ್ಟಡ, ಕೆಲಸ ಮತ್ತು ಸೇವೆಯ ದೋಷಗಳನ್ನು ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು ಎನ್ನುತ್ತದೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 14ನೇ ಸೆಕ್ಷನ್.

ಇನ್ನು ಆ ಗೋಡೆಯ ವಿಷಯ. ಅದು ಹೊರಗಿನವರಿಗಾಗಿ ಕಟ್ಟಿದ್ದು. ನಿಮ್ಮ ಮಗ ಬರುವುದು ಒಳಗಿನಿಂದ, ಕ್ಲಬ್‌ಹೌಸ್ ಬಾಗಿಲಿನಿಂದ, ಹೂಕುಂಡಗಳ ನಡುವಿನ ಸಂದಿಯಿಂದ. ಮೂರು ಕಡೆ ಆವರಣ ಗೋಡೆ, ನಾಲ್ಕನೆಯ ಕಡೆ ಮನೆ ಎಂಬ ವ್ಯವಸ್ಥೆಗಿಂತ ಕೊಳದ ನಾಲ್ಕೂ ಬದಿಗೆ ಪ್ರತ್ಯೇಕ ಬೇಲಿ ಹಾಕಿದಾಗ ಮಕ್ಕಳು ಮುಳುಗುವ ಅಪಾಯ ಶೇ. 83ರಷ್ಟು ಕಡಿಮೆ ಎಂದು ಅಮೆರಿಕದ ಆರೋಗ್ಯ ಇಲಾಖೆಯ ಸಂಸ್ಥೆ ಸಿಡಿಸಿ ಹೇಳುತ್ತದೆ. ನಿಮ್ಮ ಸೊಸೈಟಿಯಲ್ಲಿ ಬಿಟ್ಟಿರುವುದು ಆ ನಾಲ್ಕನೆಯ ಬದಿಯನ್ನೇ. ಸಭೆಯಲ್ಲಿ ಬೇರೆ ಯಾವ ಮಾತು ಮರೆತರೂ ಇದನ್ನು ಮರೆಯಬೇಡಿ. ಪುಟ್ಟ ಮಗು ಮುಳುಗುವಾಗ ಕೂಗುವುದಿಲ್ಲ, ಕೈಕಾಲು ಬಡಿದು ಸದ್ದು ಮಾಡುವುದೂ ಅಪರೂಪ. ಒಲೆಯ ಮೇಲಿನ ಹಾಲು ಇಳಿಸಿ ಬರುವಷ್ಟು ಹೊತ್ತು ಸಾಕು. ನಿಮ್ಮ ಅತ್ತೆ ಎಷ್ಟೇ ಜೋಪಾನವಾಗಿದ್ದರೂ ಅವರ ಎರಡು ಕಣ್ಣುಗಳ ಮೇಲೆ ಇಡೀ ಭಾರ ಹೊರಿಸುವುದು ಅನ್ಯಾಯ.

ಬೇಲಿ ಹೇಗಿರಬೇಕು? ಅಳತೆಗೆ ಆಸ್ಟ್ರೇಲಿಯಾದ ಮಾನದಂಡ ಹಿಡಿಯಿರಿ ಎನ್ನುತ್ತೇನೆ. ಅಲ್ಲಿ ಮನೆಯ ಕೊಳಕ್ಕೂ ಬೇಲಿ ಕಡ್ಡಾಯ. ಎತ್ತರ ಕನಿಷ್ಠ 1.2 ಮೀಟರ್. ಸರಳುಗಳ ನಡುವೆಯಾಗಲಿ, ನೆಲ ಮತ್ತು ಬೇಲಿಯ ನಡುವೆಯಾಗಲಿ 10 ಸೆಂಟಿಮೀಟರ್‌ಗಿಂತ ಹೆಚ್ಚು ಸಂದಿ ಇರಬಾರದು. ಸರಳುಗಳು ಉದ್ದಕ್ಕೆ ನಿಂತಿರಲಿ. ನಮ್ಮಲ್ಲಿ ಚೆಂದಕ್ಕೆಂದು ಹಾಕುವ ಅಡ್ಡ ಪೈಪುಗಳ ಸ್ಟೀಲ್ ರೇಲಿಂಗ್ ಮಗುವಿಗೆ ಏಣಿಯೇ ಸರಿ. ಬೇಲಿಯಿಂದ 90 ಸೆಂಟಿಮೀಟರ್ ಒಳಗೆ ಕುರ್ಚಿ, ಬೆಂಚು, ಹೂಕುಂಡ, ಹತ್ತಿ ನಿಲ್ಲಬಹುದಾದ ಏನೂ ಇರಕೂಡದು. ‘ಅಂದ ಕೆಡುತ್ತದೆ’ ಎನ್ನುವವರಿಗೆ ಗಟ್ಟಿ ಗಾಜಿನ ಬೇಲಿ ಸೂಚಿಸಿ. ಒಳಗೆ ಯಾರಿದ್ದಾರೆಂದು ಹೊರಗಿನಿಂದ ಕಾಣುವುದರಿಂದ ಅದು ಗೋಡೆಗಿಂತ ಮೇಲು.

ಬೇಲಿ ಸೋಲುವುದು ಹೆಚ್ಚಾಗಿ ಗೇಟಿನಲ್ಲಿ. ಗೇಟು ಕೊಳದಿಂದ ಹೊರಮುಖವಾಗಿ ತೆರೆಯಬೇಕು, ಕೈಬಿಟ್ಟ ಕೂಡಲೇ ತಾನಾಗಿ ಮುಚ್ಚಿ ತಾನಾಗಿ ಚಿಲಕ ಬೀಳಬೇಕು, ಚಿಲಕ ನೆಲದಿಂದ 1.5 ಮೀಟರ್ ಎತ್ತರದಲ್ಲಿರಬೇಕು. ಗೇಟನ್ನು ಅರ್ಧಕ್ಕೆ, ಒಂದು ಗೇಣಿಗೆ, ನಾಲ್ಕು ಬೆರಳಿಗೆ ತೆರೆದು ಬಿಟ್ಟು ನೋಡಿ. ಪ್ರತಿ ಸಲವೂ ಚಿಲಕ ಬಿದ್ದರೆ ಮಾತ್ರ ಸರಿ. ಪಂಪು ನೋಡುವವನಿಗೆ ಅನುಕೂಲವೆಂದು ಇಟ್ಟಿಗೆ ಕೊಟ್ಟು ತೆರೆದಿಟ್ಟ ಗೇಟು ಇದ್ದೂ ಇಲ್ಲದಂತೆ. ವಾಚ್‌ಮನ್‌ಗೆ ಇದನ್ನು ಲಿಖಿತವಾಗಿಯೇ ಒಪ್ಪಿಸಬೇಕು. ಸಿಸಿಟಿವಿ ಕ್ಯಾಮೆರಾ ಬೇಲಿಗೆ ಬದಲಿಯಲ್ಲ, ಆದದ್ದನ್ನು ಅದು ದಾಖಲಿಸುತ್ತದೆ ಅಷ್ಟೇ.

ಮಳೆಗಾಲದ ಬಗ್ಗೆ ಒಂದು ಮಾತು. ಜೂನ್ ಬಂದರೆ ಈಜುವವರಿಲ್ಲ, ಲೈಫ್‌ಗಾರ್ಡ್‌ನನ್ನೂ ಕಳುಹಿಸಿಬಿಡುತ್ತಾರೆ. ನೀರು ಮಾತ್ರ ಉಳಿಯುತ್ತದೆ, ಪಾಚಿ ಕಟ್ಟಿ ತಳವೇ ಕಾಣದಂತಾಗುತ್ತದೆ. ಯಾರಾದರೂ ಬಿದ್ದರೂ ಮೇಲಿನಿಂದ ತಿಳಿಯುವುದಿಲ್ಲ. ಮೇಲೆ ಸಡಿಲವಾಗಿ ಹೊದಿಸಿದ ತಾಡಪಾಲು ಇನ್ನೂ ಅಪಾಯ: ಮಗು ಕಾಲಿಟ್ಟರೆ ಅದರ ಸಮೇತ ಕೆಳಗಿಳಿಯುತ್ತದೆ. ಕೊಳ ಮುಚ್ಚಿದ ತಿಂಗಳುಗಳಲ್ಲೇ ಗೇಟಿಗೆ ಬೀಗ ಹೆಚ್ಚು ಬೇಕು.

ಬೇಲಿ ಬರುವವರೆಗೆ ಕ್ಲಬ್‌ಹೌಸಿನಿಂದ ಕೊಳದತ್ತ ಹೋಗುವ ಬಾಗಿಲಿಗೆ ಎತ್ತರದಲ್ಲಿ ಚಿಲಕ ಹಾಕಿಸಲು ಕಮಿಟಿಯನ್ನು ಒಪ್ಪಿಸಿ. ಅದು ಒಂದು ದಿನದ ಬಡಗಿ ಕೆಲಸ. ನಿಮ್ಮ ಮನೆಯ ಮುಂಬಾಗಿಲಿಗೂ ಹಾಗೆಯೇ ಮಾಡಿ. ಮಗು ಕಾಣದಿದ್ದರೆ ಮಂಚದ ಕೆಳಗೆ, ಪಕ್ಕದ ಮನೆಯಲ್ಲಿ ಹುಡುಕುವ ಮೊದಲು ಕೊಳದ ಹತ್ತಿರ ಓಡಬೇಕೆಂದು ಅತ್ತೆಯವರಿಗೆ ಹೇಳಿಡಿ. ಆಂಬುಲೆನ್ಸ್‌ಗಾಗಿ 108 ಸಂಖ್ಯೆಯನ್ನು ಅವರ ಮೊಬೈಲಿನಲ್ಲಿ ಕನ್ನಡದಲ್ಲೇ ಹೆಸರು ಬರೆದು ಉಳಿಸಿಕೊಡಿ.