ಕಿಲೊದ ಲಾಭವೂ ಡ್ರೈಯರಿನ ಗಂಟೆಯೂ

ಕುಮಟೆಯ ಗೇರುಬೀಜದ ಕಾರ್ಖಾನೆಗೆ ಹೋಗಲಿ, ಕಾರವಾರದ ಐಸ್ ಪ್ಲಾಂಟಿಗೆ ಹೋಗಲಿ, ಶಿರಸಿಯ ಹಪ್ಪಳದ ಘಟಕಕ್ಕೆ ಹೋಗಲಿ, ಕೊಟ್ಟ ಚಹಾ ಮುಗಿಯುವ ಮೊದಲೇ ಒಂದು ಮಾತು ಬಂದೇ ಬರುತ್ತದೆ: ‘ಕಿಲೊಕ್ಕೆ ಯಾವುದರಲ್ಲಿ ಹೆಚ್ಚು ಸಿಗುತ್ತದೋ ಅದನ್ನೇ ಮಾಡಿದರಾಯಿತು, ಇದಕ್ಕೆ ಲೆಕ್ಕವೇಕೆ?’ ಸಾಮರ್ಥ್ಯ ಯೋಜನೆಯ, ಅಂದರೆ ಇರುವ ಯಂತ್ರ ಮತ್ತು ಕೈಗಳಲ್ಲಿ ಯಾವ ಮಾಲು ಎಷ್ಟು ಮಾಡಬೇಕೆಂಬ ಲೆಕ್ಕ ಮಾಡಿಕೊಡುವುದೇ ನನ್ನ ಉದ್ಯೋಗವಾದ್ದರಿಂದ ಈ ಮಾತಿಗೆ ಸಿಟ್ಟು ಮಾಡಿಕೊಳ್ಳುವಂತಿಲ್ಲ. ಆದರೂ ಒಮ್ಮೊಮ್ಮೆ ಸಿಟ್ಟು ಬರುತ್ತದೆ.

ಶಿರಸಿ ಸಮೀಪದ ಒಂದು ಘಟಕದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಅಂಕಿಗಳನ್ನು ಗುರುತು ಸಿಗದಂತೆಯೂ ಬಾಯಿಲೆಕ್ಕಕ್ಕೆ ಒದಗುವಂತೆಯೂ ಬದಲಿಸಿದ್ದೇನೆ. ಅದನ್ನು ನಡೆಸುವ ಅಕ್ಕ ಮಾಡುವುದು ಎರಡೇ ಮಾಲು, ಬಾಳೆಹಣ್ಣನ್ನು ಒಣಗಿಸಿ ಮಾಡುವ ಸುಕೇಳಿ ಮತ್ತು ಹಲಸಿನ ಹಪ್ಪಳ. ಮೇ ಕೊನೆಗೆ ಮೋಡ ಕಟ್ಟಿತೆಂದರೆ ಅಂಗಳದ ಬಿಸಿಲನ್ನು ನಂಬುವಂತಿಲ್ಲವಾದ್ದರಿಂದ ಎರಡೂ ಕಟ್ಟಿಗೆಯ ಡ್ರೈಯರಿನಲ್ಲೇ ಒಣಗಬೇಕು. ಒಂದು ಲೋಡಿಗೆ 50 ಕಿಲೊ ಸಿದ್ಧ ಮಾಲು. ಹಣ್ಣು, ಕಟ್ಟಿಗೆ, ಪ್ಯಾಕಿಂಗಿನ ಖರ್ಚು ಕಳೆದರೆ ಸುಕೇಳಿಯಲ್ಲಿ ಕಿಲೊಕ್ಕೆ 120 ರೂಪಾಯಿ, ಹಪ್ಪಳದಲ್ಲಿ 80 ರೂಪಾಯಿ ಉಳಿಯುತ್ತದೆ. ಕೆಲಸಕ್ಕೆ ಬರುವ ಆರು ಹೆಂಗಸರಿಗೆ ತಿಂಗಳ ಸಂಬಳ. ಅಕ್ಕ ಎರಡು ವಾರಕ್ಕೆ ಹತ್ತು ಲೋಡು ಸುಕೇಳಿಯನ್ನೇ ತುಂಬುತ್ತಿದ್ದರು. ಹತ್ತೂ ಮಾರಿದರೆ ಉಳಿಯುವುದು 60,000 ರೂಪಾಯಿ.

ಆ ಹತ್ತು ಲೋಡಿನಾಚೆ ಹೋಗಲು ಅವರಿಗೆ ಅಡ್ಡಿಯಾದದ್ದು ಡ್ರೈಯರು. ದಿನಕ್ಕೆ 20 ಗಂಟೆಯಂತೆ ಹನ್ನೆರಡು ದಿನಕ್ಕೆ 240 ಗಂಟೆ. ಒಂದು ಲೋಡು ಸುಕೇಳಿ 24 ಗಂಟೆ ಹಿಡಿಯುತ್ತದೆ, ಹಪ್ಪಳ 10 ಗಂಟೆ. ಈಗ ಒಂದು ಲೋಡು ಸುಕೇಳಿಯನ್ನು ಬಿಟ್ಟುನೋಡಿ. 6,000 ರೂಪಾಯಿ ಹೋಯಿತು, ನಿಜ. ಆದರೆ ಬಿಡುವಾದ 24 ಗಂಟೆಯಲ್ಲಿ ಎರಡೂಕಾಲಿಗಿಂತ ತುಸು ಹೆಚ್ಚು, ಅಂದರೆ 2.4 ಲೋಡು ಹಪ್ಪಳ ಒಣಗುತ್ತದೆ, ಅದರಿಂದ ಬರುವುದು 9,600. ಗಂಟೆಯ ಲೆಕ್ಕದಲ್ಲಿ ಹೇಳುವುದಾದರೆ ಡ್ರೈಯರಿನ ಒಂದು ಗಂಟೆ ಸುಕೇಳಿಗೆ ಹೋದರೆ 250 ರೂಪಾಯಿ ದುಡಿಯುತ್ತದೆ, ಹಪ್ಪಳಕ್ಕೆ ಹೋದರೆ 400. ಕಿಲೊದ ಲಾಭ ಸುಕೇಳಿಯ ಕಡೆಗಿದೆ, ಗಂಟೆಯ ಲಾಭ ಹಪ್ಪಳದ ಕಡೆಗಿದೆ. ತೀರಿಹೋಗುತ್ತಿರುವುದು ಗಂಟೆಯಾದ್ದರಿಂದ ಗಂಟೆಯ ಲಾಭವನ್ನೇ ನೋಡಬೇಕು. ಇಷ್ಟನ್ನು ನಾನು ಅವರಿಗೆ ಮೂರು ಸಲ ಹೇಳಿದೆ. ಮೂರನೆಯ ಸಲ ಅವರು, ‘ಹಾಗಾದ್ರೆ ಸುಕೇಳಿ ಬಿಟ್ಟು ಬರೀ ಹಪ್ಪಳ ಮಾಡೂದಲ್ರಾ?’ ಎಂದರು.

ಅದೂ ಅಲ್ಲ. ಹಪ್ಪಳ ಒತ್ತುವುದಕ್ಕೆ ಕೈ ಬೇಕು. ಆರು ಜನರ ಎಂಟು ಗಂಟೆಯ ಕೆಲಸ ಹನ್ನೆರಡು ದಿನಕ್ಕೆ 576 ಗಂಟೆಯಾಗುತ್ತದೆ. ಒಂದು ಲೋಡು ಹಪ್ಪಳಕ್ಕೆ 38 ಗಂಟೆ ಬೇಕು, ಸುಕೇಳಿಗೆ 24 ಸಾಕು. ಬರೀ ಹಪ್ಪಳವಾದರೆ ಹದಿನೈದನೆಯ ಲೋಡಿಗೆ ಕೈ ಸೋಲುತ್ತದೆ, ಡ್ರೈಯರು ಖಾಲಿ ನಿಲ್ಲುತ್ತದೆ, ಸಿಗುವುದು ಮತ್ತದೇ 60,000. ಡ್ರೈಯರೂ ಕೈಗಳೂ ಒಟ್ಟಿಗೇ ಮುಗಿಯುವಂತೆ ಐದು ಲೋಡು ಸುಕೇಳಿ, ಹನ್ನೆರಡು ಲೋಡು ಹಪ್ಪಳ ಮಾಡಿದರೆ 78,000 ರೂಪಾಯಿ. ಇರುವ ಮಿತಿಗಳೊಳಗೆ ಅತಿ ಹೆಚ್ಚು ಲಾಭದ ಹಂಚಿಕೆಯನ್ನು ಹುಡುಕುವ ಈ ಲೆಕ್ಕವೇ ಲೀನಿಯರ್ ಪ್ರೋಗ್ರಾಮಿಂಗ್. 1939ರಲ್ಲಿ ಲೆನಿನ್‌ಗ್ರಾಡಿನ ಗಣಿತಜ್ಞ ಕ್ಯಾಂಟೊರೊವಿಚ್ ಇದನ್ನು ಬರೆದಿಟ್ಟದ್ದು ಪ್ಲೈವುಡ್ ಉದ್ಯಮದವರು ಯಾವ ಮರವನ್ನು ಯಾವ ಯಂತ್ರಕ್ಕೆ ಎಷ್ಟು ಕೊಡಬೇಕೆಂದು ಕೇಳಿದ್ದರಿಂದ. 1947ರಲ್ಲಿ ಅಮೆರಿಕದ ಗಣಿತಜ್ಞ ಡಾಂಟ್ಜಿಗ್ ಇಂಥ ಲೆಕ್ಕ ಬಿಡಿಸಲು ಕೊಟ್ಟ ಸಿಂಪ್ಲೆಕ್ಸ್ ವಿಧಾನ ಈಗ ಎಕ್ಸೆಲ್‌ನ ಸಾಲ್ವರ್ ಎಂಬ ಸಾಧನದಲ್ಲಿದೆ. ಎರಡೇ ಮಾಲಾದರೆ ಗ್ರಾಫ್ ಹಾಳೆಯೇ ಸಾಕು.

ಸಾಲ್ವರು ಉತ್ತರದ ಜೊತೆಗೆ ಇನ್ನೊಂದು ಅಂಕಿಯನ್ನೂ ಕೊಡುತ್ತದೆ. ಡ್ರೈಯರಿನ ಒಂದು ಗಂಟೆ ಹೆಚ್ಚಿಗೆ ಸಿಕ್ಕಿದರೆ ಸುಮಾರು 196 ರೂಪಾಯಿ ಬರುತ್ತದೆ, ಕೈಕೆಲಸದ ಒಂದು ಗಂಟೆ ಸಿಕ್ಕಿದರೆ ಸುಮಾರು 54. ಇದಕ್ಕೆ ನೆರಳು ಬೆಲೆ ಎನ್ನುತ್ತಾರೆ. ನಾನು ಮಾಡಿದ ತಪ್ಪೆಂದರೆ ಆ ಹಾಳೆಯನ್ನು ಅಕ್ಕನ ಕೈಯಲ್ಲಿ ಬಿಟ್ಟು ಬಂದದ್ದು. ಎಂಟು ದಿನ ಕಳೆದು ಫೋನ್ ಬಂತು: ಇನ್ನೊಂದು ಡ್ರೈಯರಿಗೆ ಬ್ಯಾಂಕಿನಲ್ಲಿ ಅರ್ಜಿ ಬರೆಯುತ್ತಿದ್ದಾರೆ, 196ನ್ನು 240ರಿಂದ ಗುಣಿಸಿ ಎರಡು ವಾರಕ್ಕೆ 47,000 ರೂಪಾಯಿ ಹೆಚ್ಚು ಬರುತ್ತದೆಂದು ತೋರಿಸಿದ್ದಾರೆ.

ಗುಣಾಕಾರ ಸರಿಯಾಗಿಯೇ ಇತ್ತು. ಆದರೆ ಕೈಗಳು ಅಷ್ಟೇ ಇದ್ದು ಡ್ರೈಯರಿನ ಗಂಟೆ ಹೆಚ್ಚಿದಂತೆಲ್ಲ, ಕಡಿಮೆ ಕೈ ಬೇಡುವ ಸುಕೇಳಿಯ ಪಾಲು ಏರುತ್ತದೆ, ಇನ್ನೊಂದು ಡ್ರೈಯರು ಬಂದರೆ ಅದು ಹದಿನೆಂಟು ಲೋಡು ದಾಟಬೇಕು. ಅಷ್ಟು ಮಾರುವಿರಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಎರಡು ವಾರಕ್ಕೆ ಎಂಟು ಲೋಡಿಗಿಂತ ಹೆಚ್ಚು ಅಂಗಡಿಯವರು ಎತ್ತುವುದಿಲ್ಲ, ಮೊದಲು ತುಂಬುತ್ತಿದ್ದ ಹತ್ತರಲ್ಲಿ ಎರಡು ಅಟ್ಟದ ಮೇಲೆಯೇ ಉಳಿಯುತ್ತಿತ್ತು ಎಂದು ಆಗ ಹೇಳಿದರು. ಈ ಒಂದು ಮಿತಿಯನ್ನು ಸೇರಿಸಿದರೆ 196 ರೂಪಾಯಿಯ ಬೆಲೆ ಮೊದಲ 53 ಗಂಟೆಗಷ್ಟೇ ನಿಲ್ಲುತ್ತದೆ, ಅದರಾಚೆ ಸುಕೇಳಿಗೆ ಕೊಳ್ಳುವವರಿಲ್ಲ, ಹಪ್ಪಳಕ್ಕೆ ಕೈಯಿಲ್ಲ, ಆದ್ದರಿಂದ ಅದು ಸೊನ್ನೆ. ಯಾವ ನೆರಳು ಬೆಲೆಗೂ ಇಂಥದ್ದೊಂದು ಗಡಿ ಇದ್ದೇ ಇರುತ್ತದೆ, ಅಂಕಿ ಬದಲಾದರೆ ಉತ್ತರ ಹೇಗೆ ಬದಲಾಗುತ್ತದೆಂದು ಹೇಳುವ ಸಾಲ್ವರಿನ ಸೂಕ್ಷ್ಮತಾ ವರದಿಯಲ್ಲಿ ಪಕ್ಕದ ಕಾಲಮಿನಲ್ಲೇ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ.

ಅರ್ಜಿ ನಿಂತಿತು. ದಿನಕ್ಕೆ 20 ಗಂಟೆಯೇ ಏಕೆಂದು ವಿಚಾರಿಸಿದಾಗ, ನಡುರಾತ್ರಿಯಿಂದ ನಾಲ್ಕರವರೆಗೆ ಒಲೆ ನೋಡಿಕೊಳ್ಳುವವರಿಲ್ಲ, ಅದಕ್ಕೇ ಬೆಂಕಿ ತಗ್ಗಿಸುತ್ತೇವೆ ಎಂದರು. ಹನ್ನೆರಡು ರಾತ್ರಿಗೆ 48 ಗಂಟೆ, 53ರ ಒಳಗೇ ಇದೆ. ಬರುವುದು 9,400 ರೂಪಾಯಿ. ರಾತ್ರಿಗೆ 500ರಂತೆ ಒಬ್ಬರನ್ನಿಟ್ಟರೂ 3,400 ಉಳಿಯುತ್ತದೆ. ಡ್ರೈಯರಿಗೆ ತೊಳೆಯುವ ಬಿಡುವೂ ಬೇಕಾದ್ದರಿಂದ ಅಷ್ಟೂ ಸಿಗಲಾರದೆಂದು ಎಚ್ಚರಿಸಿದೆ. ಅಕ್ಕ ಆಗಲೇ ಬೇರೆ ಯೋಚನೆಯಲ್ಲಿದ್ದರು. ಪಕ್ಕದ ಮನೆಯ ಅಜ್ಜನಿಗೆ ಹೇಗೂ ರಾತ್ರಿ ನಿದ್ದೆ ಬರುವುದಿಲ್ಲ, ಅವರು 300ಕ್ಕೆ ಒಪ್ಪಬಹುದೇ ಎಂದು ನನ್ನನ್ನೇ ಕೇಳಿದರು.